ಗುಬ್ಬಿಕೊಳ್ಳದ ಕೆರೆಯಿಂದ ಇಳಿದವನು

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿದ್ದ ಶಂಭುಲಿಂಗಪ್ಪನವರಿಗೆ ಗುಡ್ಡ ಹತ್ತುವ ಹುಚ್ಚು ಯಾವಾಗ ಹಿಡಿಯಿತೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ. ಮಳೆಗಾಲ ಮುಗಿಯುತ್ತ ಬಂದು ಸಂಡೂರಿನ ಗುಡ್ಡಗಳು ಹಸಿರಾದವೆಂದರೆ ಅವರಿಗೆ ಗಿರಣಿಯಲ್ಲಿ ಕೂರಲಾಗುತ್ತಿರಲಿಲ್ಲ. ತಮ್ಮನ ಕೈಗೆ ಬೀಗದ ಕೈ ಕೊಟ್ಟು, ಬೆನ್ನಿಗೆ ಚೀಲ ಏರಿಸಿ ಹೊರಟುಬಿಡುತ್ತಿದ್ದರು. ಜೊತೆಗೆ ಬರುತ್ತಿದ್ದ ಗೆಳೆಯರು ಮೊಣಕಾಲು ನೋವು, ಸಕ್ಕರೆ ಕಾಯಿಲೆ ಅಂತ ಒಬ್ಬೊಬ್ಬರೇ ಹಿಂದೆ ಸರಿದರು. ಅರವತ್ತು ದಾಟಿದ ಮೇಲೆ ಅವರು ಒಂಟಿಯಾಗಿಯೇ ಹೋಗತೊಡಗಿದರು.

ಅಳಿಯ ತಿಪ್ಪೇಶನಿಗೆ ಗುಡ್ಡವೂ ಬೇಕಿರಲಿಲ್ಲ, ಕಾಡೂ ಬೇಕಿರಲಿಲ್ಲ. ಹೊಸಪೇಟೆಯಲ್ಲಿ ಅವನದು ಪೈಪು, ಮೋಟಾರುಗಳ ಅಂಗಡಿ. ಬೆಳಿಗ್ಗೆ ಷಟರ್ ಎತ್ತಿದರೆ ರಾತ್ರಿ ಇಳಿಸುವವರೆಗೆ ಅವನ ಲೋಕ ಅದೇ. ಮದುವೆಯಾಗಿ ಮೂರು ವರ್ಷವಾದರೂ ಮಾವನ ಜೊತೆ ಅವನಿಗೆ ಹೆಚ್ಚು ಮಾತಿರಲಿಲ್ಲ. ಶಂಭುಲಿಂಗಪ್ಪ ಅವನನ್ನು ಹೆಸರು ಹಿಡಿದು ಕರೆದವರೇ ಅಲ್ಲ. 'ಅಳಿಯಂದ್ರ' ಎನ್ನುತ್ತಿದ್ದರು, ಬಹುವಚನದಲ್ಲಿ, ಬೀಗರ ಕಡೆಯ ಹಿರಿಯರನ್ನು ಮಾತಾಡಿಸುವ ಹಾಗೆ. ಆ ಮರ್ಯಾದೆಯ ಹಿಂದೆ ಸಣ್ಣದೊಂದು ತಾತ್ಸಾರ ಇದೆಯೆಂದು ತಿಪ್ಪೇಶನಿಗೆ ಯಾವಾಗಲೂ ಅನಿಸುತ್ತಿತ್ತು.

ಆ ಅಕ್ಟೋಬರಿನಲ್ಲಿ ಅವನ ಹೆಂಡತಿ ಕಾವ್ಯ ಐದು ತಿಂಗಳ ಬಸುರಿ. ಅಪ್ಪ ಮತ್ತೆ ಗುಡ್ಡಕ್ಕೆ ಹೊರಟಿದ್ದಾರೆಂದು ತಾಯಿ ಸಂಗಮ್ಮ ಫೋನಿನಲ್ಲಿ ಹೇಳಿದ ದಿನ ಅವಳು ಗಂಡನ ಬೆನ್ನು ಹತ್ತಿದಳು.

"ಈ ಸಲ ನೀವು ಜೋಡಿ ಹೋಗ್ರಿ. ಅಪ್ಪಾಜಿ ಯಾರ ಮಾತೂ ಕೇಳಂಗಿಲ್ಲ."

"ಅಂಗಡಿ?"

"ಎರಡು ದಿನ ಮುಚ್ಚಿದ್ರ ಏನಾಗತೈತ್ರಿ? ಕಾಡಿನಾಗ ಏನರ ಆದ್ರ ನೀರು ಕೊಡಾಕರ ಒಬ್ರು ಬ್ಯಾಡೇನು?"

ತಿಪ್ಪೇಶ ಒಪ್ಪಿಕೊಂಡ. ಬಸುರಿ ಹೆಂಡತಿಯ ಮಾತು ಮೀರುವುದು ಬೇಡ ಎನ್ನುವುದಷ್ಟೇ ಅವನ ಮನಸ್ಸಿನಲ್ಲಿತ್ತು.

ಬಂಡ್ರಿಯಿಂದಾಚೆ ಗುಡ್ಡದ ಬುಡದಲ್ಲಿ ಅರಣ್ಯದವರ ಚೌಕಿ. ಅಲ್ಲಿನ ಗಾರ್ಡ್ ಜಂಬುನಾಥ್‌ಗೆ ಶಂಭುಲಿಂಗಪ್ಪ ಹಳೆಯ ಪರಿಚಯ.

"ಮ್ಯಾಲ ಉಳಿಯಂಗಿಲ್ರಿ ಸಾವ್ಕಾರ್ರ. ಕರಡಿ ಓಡಾಟ ಭಾಳ ಆಗೈತಿ. ಸಂಜೀಕ ಇಳಿದುಬಿಡ್ರಿ."

"ಇಳೀತೀವಪ. ಆ ಕಡಿ ದಾರಿಲೆ ಇಳಿದು ಹಂಗ ಹೋಗಿಬಿಡ್ತೀವಿ, ನಮ್ಮ ದಾರಿ ಕಾಯಬ್ಯಾಡ" ಎಂದರು ಶಂಭುಲಿಂಗಪ್ಪ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. ತಿಪ್ಪೇಶನ ಬೆನ್ನ ಮೇಲಿನ ಚೀಲದಲ್ಲಿ ಟೆಂಟು ಮಡಚಿಟ್ಟಿತ್ತು. ಜಂಬುನಾಥ್ ಅದನ್ನು ನೋಡಿಯೂ ದಾರಿ ಬಿಟ್ಟ.

ದಾರಿ ಕಡಿದಾಗಿತ್ತು. ಎದುರಿನ ಗುಡ್ಡವನ್ನು ಗಣಿಯವರು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರು. ಅದು ಹಸಿರಿನ ನಡುವೆ ಚರ್ಮ ಸುಲಿದ ಹಾಗೆ ಕೆಂಪಗೆ ಕಾಣುತ್ತಿತ್ತು. ಟಿಪ್ಪರುಗಳ ಸದ್ದು ಅರ್ಧ ದಾರಿಯವರೆಗೂ ಕೇಳಿಸಿ ಆಮೇಲೆ ನಿಂತಿತು. ಮೇಲೆ ಹೋದಂತೆ ಮರಗಳು ದಪ್ಪವಾದವು. ಮತ್ತಿ, ಹೊನ್ನೆ, ದಿಂಡಿಗ. ಇಬ್ಬರು ಕೈ ಹಿಡಿದರೂ ತಬ್ಬಲಾಗದ ಬೊಡ್ಡೆಗಳು. ಕಲ್ಲುಗಳ ಮೇಲೆ ಹಾವಸೆ. ಮಾವ ಮುಂದೆ ಸಲೀಸಾಗಿ ಹತ್ತುತ್ತಿದ್ದರು, ತಿಪ್ಪೇಶ ಏದುಸಿರು ಬಿಡುತ್ತ ಹಿಂದೆ.

ಗುಬ್ಬಿಕೊಳ್ಳದ ಕೆರೆ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿತ್ತು. ಯಾವ ಕಾಲದಲ್ಲಿ ಯಾರು ಕಟ್ಟಿದರೋ, ಒಂದು ಬದಿಗೆ ಕಲ್ಲಿನ ಏರಿ. ಉಳಿದ ಮೂರು ಕಡೆ ಕಾಡು ನೀರಿಗೇ ಬಾಗಿ ನಿಂತಿತ್ತು. ನೀರು ಕಪ್ಪಗೆ, ಅಲುಗಾಡದೆ ಬಿದ್ದಿತ್ತು. ಮೂಲೆಯ ಕೋಡಿಯಲ್ಲಿ ಮಾತ್ರ ಸಣ್ಣಗೆ ಹರಿದು ಕೊಳ್ಳಕ್ಕೆ ಬೀಳುತ್ತಿತ್ತು. ತಿಪ್ಪೇಶನಿಗೆ ಆ ನೀರನ್ನು ನೋಡಿ ಸಂತೋಷವಾಗಲಿಲ್ಲ, ಆದರೆ ಸುಸ್ತು ಇಳಿಯಿತು.

ಸಂಜೆ ಮಾವ ಬೇರೆಯೇ ಮನುಷ್ಯರಾದರು. ಮೂರು ಕಲ್ಲು ಹೂಡಿ, ಒಣ ಪುಳ್ಳೆ ಆರಿಸಿ ತಂದು, ತಾವೇ ಅನ್ನಕ್ಕಿಟ್ಟರು. ಸಂಗಮ್ಮ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಯನ್ನು ಅಳಿಯನ ತಟ್ಟೆಗೆ ಧಾರಾಳವಾಗಿ ಹಾಕಿದರು.

"ಅಳಿಯಂದ್ರ, ಗಿರಣಿ ಸಪ್ಪಳ ನನ್ನ ಕಿವ್ಯಾಗ ಕುಂತುಬಿಟ್ಟೈತಿ. ಮಲಗಿದ್ರೂ ಹೋಗಂಗಿಲ್ಲ. ಇಲ್ಲಿ ಬಂದು ಒಂದು ರಾತ್ರಿ ಮಲಗಿದೆ ಅಂದ್ರ ಒಂದೀಟು ಇಳೀತೈತಿ."

"ಅತ್ತಿಯವರಿಗೆ ಇದನ್ನ ಹೇಳೀರೇನ್ರಿ?"

"ಆಕೀಗೆ ಹೇಳಿದ್ರ ಕಿವಿ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಾಳ" ಎಂದು ಜೋರಾಗಿ ನಕ್ಕರು. ತಿಪ್ಪೇಶನೂ ನಕ್ಕ. ಮೂರು ವರ್ಷದಲ್ಲಿ ಇಬ್ಬರೂ ಕೂಡಿ ನಕ್ಕಿದ್ದು ಅದೇ ಮೊದಲು.

ಬೆಳಿಗ್ಗೆ ಮಂಜು ನೀರಿನ ಮೇಲೆ ಕೂತಿತ್ತು. ಮಾವ ಸ್ನಾನಕ್ಕೆಂದು ಟವೆಲ್ ಹೆಗಲಿಗೆ ಹಾಕಿಕೊಂಡು ಕೋಡಿಯ ಕಡೆ ಹೋದರು. ತಿಪ್ಪೇಶ ಟೆಂಟಿನ ಹಗ್ಗ ಬಿಚ್ಚುತ್ತಿದ್ದ. ಕಲ್ಲು ಉರುಳಿದ ಸದ್ದು ಕೇಳಿತು, ಅದರ ಹಿಂದೆಯೇ ಒಂದು ಕೂಗು. ಓಡಿಹೋಗಿ ನೋಡಿದರೆ ಶಂಭುಲಿಂಗಪ್ಪ ಕೋಡಿಯ ಕೆಳಗಿನ ಬಂಡೆಗಳ ನಡುವೆ ಬಿದ್ದಿದ್ದರು. ಬಲಗಾಲು ತೊಡೆಯ ಹತ್ತಿರ ಬಾಗಬಾರದ ಕಡೆಗೆ ಬಾಗಿತ್ತು.

ಎತ್ತಲು ಹೋದಾಗ ಅವರು ಚೀರಿದ ಚೀರಿಗೆ ತಿಪ್ಪೇಶನ ಕೈ ಬಿಟ್ಟುಹೋಯಿತು. ಕೊನೆಗೆ ಟೆಂಟಿನ ಕಂಬಿಗಳನ್ನು ಕಾಲಿಗೆ ಒತ್ತಿ ಹಗ್ಗದಿಂದ ಕಟ್ಟಿ, ಕಂಬಳಿಯ ಮೇಲೆ ಹಾಕಿ, ಗೇಣು ಗೇಣಾಗಿ ಎಳೆದು ಮೇಲಿನ ಮತ್ತಿ ಮರದ ಬುಡಕ್ಕೆ ತಂದ. ಅಷ್ಟಕ್ಕೆ ಅವರ ಮುಖ ಬೂದಿಯಾಗಿತ್ತು. ತೊಡೆ ಊದಿಕೊಳ್ಳುತ್ತಿತ್ತು. ಬೆನ್ನ ಮೇಲೆ ಹೊತ್ತು ನೋಡಿದ. ಇಪ್ಪತ್ತು ಹೆಜ್ಜೆಯೂ ಆಗಲಿಲ್ಲ, ಇಬ್ಬರೂ ಕುಸಿದರು. ಫೋನು ಹಿಡಿದು ಏರಿಯ ಮೇಲೆ, ಬಂಡೆಯ ಮೇಲೆ ಹತ್ತಿ ನೋಡಿದ. ಸಿಗ್ನಲ್ ಒಂದು ಗೆರೆಯೂ ಇರಲಿಲ್ಲ. ಬಾಯಿಗೆ ಕೈ ಹಿಡಿದು ಕೂಗಿದ. ಗುಡ್ಡಗಳು ಅವನ ಕೂಗನ್ನೇ ವಾಪಸ್ ಕೊಟ್ಟವು.

"ಕೂಗಬ್ಯಾಡ್ರಿ. ಯಾರೂ ಬರಂಗಿಲ್ಲ" ಎಂದರು ಮಾವ. "ಜಂಬುನಾಥ ನಾವು ನಿನ್ನೆನ ಇಳಿದೀವಿ ಅಂತ ತಿಳಿದಿರ್ತಾನ. ನೀವು ಹೋಗ್ರಿ, ಮಂದೀನ ಕರ್ಕೊಂಡು ಬರ್ರಿ."

"ನಿಮ್ಮನ್ನ ಒಬ್ಬರನ್ನ ಬಿಟ್ಟು ಹೆಂಗ ಹೋಗ್ಲಿರಿ ಮಾಮ?"

"ಕೂತು ಏನು ಮಾಡ್ತೀರಿ? ನನ್ನ ಮಾರಿ ನೋಡ್ತೀರೇನು?" ಅವರ ದನಿಯಲ್ಲಿ ಹಳೆಯ ಗತ್ತು ಬಂತು. "ನಲವತ್ತು ವರ್ಷದಿಂದ ಇಲ್ಲಿ ಮಲಗೀನಿ. ನನಗೇನು ಅಂಜಿಕಿ? ಹೊತ್ತು ಇಳಿಯೂದ್ರೊಳಗ ಬರ್ತೀರಿ. ಜಲ್ದಿ ಹೋಗ್ರಿ."

ತಿಪ್ಪೇಶ ಮತ್ತೂ ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿದ. ನೀರಿನ ಬಾಟಲಿ ತುಂಬಿ ಕೈಗೆ ಸಿಗುವಂತೆ ಇಟ್ಟ. ಟೆಂಟಿನ ಬಟ್ಟೆಯನ್ನು ಮರದ ಕೊಂಬೆಗೆ ಕಟ್ಟಿ ಮಳೆಗೆ ಮರೆ ಮಾಡಿದ. ಬೆಂಕಿ ಹಚ್ಚಿ, ಪುಳ್ಳೆಯ ರಾಶಿಯನ್ನು ಪಕ್ಕಕ್ಕೆ ಎಳೆದಿಟ್ಟ. ಬಿಸ್ಕತ್ತು, ಬೆಲ್ಲ, ಉಳಿದ ಚಟ್ನಿ ಎಲ್ಲ ಇದ್ದ ಚೀಲವನ್ನು ತಲೆಯ ಹತ್ತಿರ ಇಟ್ಟ. ಮಾಡುವುದಕ್ಕೆ ಇನ್ನೇನೂ ಉಳಿಯದಾದಾಗ ಹೊರಟ.

ಏರಿ ದಾಟಿ ದಾರಿ ಕಾಡಿಗೆ ತಿರುಗುವಲ್ಲಿ ಅವನಿಗೆ ಹಿಂದಿನಿಂದ ಒಂದು ಕೂಗು ಕೇಳಿತು.

"ತಿಪ್ಪೇಶಾ..."

ಅವನು ನಿಂತ. ಕೋಡಿಯ ನೀರಿನ ಸದ್ದು, ಎಲೆಗಳಿಂದ ಹನಿ ಬೀಳುವ ಸದ್ದು. ಮಾವ ಅವನನ್ನು ಹಾಗೆ ಕರೆದವರಲ್ಲ. ದೂರದಲ್ಲೆಲ್ಲೋ ನವಿಲು ಕೂಗಿದ್ದೇ ಹಾಗೆ ಕೇಳಿರಬೇಕು ಅಂದುಕೊಂಡ. ಆದರೆ ಹಾಗೆ ಅಂದುಕೊಳ್ಳುತ್ತಿರುವಾಗಲೇ ಅದು ನವಿಲಲ್ಲವೆಂದು ಅವನಿಗೆ ಗೊತ್ತಿತ್ತು. ತಿರುಗಿ ಹೋದರೆ ಮತ್ತೆ ಬಿಟ್ಟು ಬರುವುದು ತನ್ನಿಂದ ಆಗುವುದಿಲ್ಲ. ಬಿಟ್ಟು ಬರದಿದ್ದರೆ ಮಂದಿ ಬರುವುದಿಲ್ಲ. ಎರಡನೆಯ ಸಲ ಕರೆದರೆ ಹೋಗುತ್ತೇನೆ ಎಂದು ಕಾದ. ಕರೆಯಲಿಲ್ಲ. ಅವನು ಇಳಿಯತೊಡಗಿದ.

ಸ್ವಲ್ಪ ಹೊತ್ತಿಗೆ ಮಂಜು ದಟ್ಟವಾಯಿತು, ಮಳೆಯೂ ಹಿಡಿಯಿತು. ಹತ್ತುವಾಗ ಮಾವನ ಬೆನ್ನನ್ನಷ್ಟೇ ನೋಡಿಕೊಂಡು ಹತ್ತಿದ್ದ. ದಾರಿಯ ಗುರುತು ಒಂದೂ ಅವನ ತಲೆಯಲ್ಲಿ ಉಳಿದಿರಲಿಲ್ಲ. ಕವಲೊಡೆದ ಕಡೆ ಅಗಲವಾಗಿ ಕಂಡ ದಾರಿಯನ್ನು ಹಿಡಿದ. ಅದು ಬಹಳ ದೂರ ಹೋಗಿ, ಕೈಬಿಟ್ಟ ಹಳೆಯ ಗಣಿಯೊಂದರ ಗುಂಡಿಯ ಅಂಚಿನಲ್ಲಿ ಮುಗಿಯಿತು. ಕೆಳಗೆ ಕೆಂಪು ನೀರು. ಗುಂಡಿಯನ್ನು ಬಳಸಿಕೊಂಡು ಮುಳ್ಳುಕಂಟಿಯಲ್ಲಿ ದಾರಿ ಹುಡುಕುತ್ತ, ಎರಡು ಸಲ ಬಿದ್ದು, ಅಂಗೈ ಕಿತ್ತುಕೊಂಡ. ಟಿಪ್ಪರಿನ ಸದ್ದು ಕಿವಿಗೆ ಬಿದ್ದಾಗ ಅವನಿಗೆ ಅಳು ಬಂತು. ಗಣಿ ರಸ್ತೆಗೆ ಬಂದು ನಿಲ್ಲುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅವನು ಗುಡ್ಡದ ಇನ್ನೊಂದು ಮಗ್ಗುಲಿಗೆ ಇಳಿದಿದ್ದ.

ಗಾಡಿ ನಿಲ್ಲಿಸಿದ ಡ್ರೈವರ್ ಮಾರೆಪ್ಪ ಎಂಬವನು. ಕೆಸರು ಮೆತ್ತಿದ ಮನುಷ್ಯನನ್ನು ನೋಡಿ ಮೊದಲು ಕುಡಿದವನೆಂದುಕೊಂಡ. ವಿಷಯ ಕೇಳಿದ ಮೇಲೆ ಹತ್ತಿಸಿಕೊಂಡು, ಗುಡ್ಡ ಸುತ್ತಿ ಚೌಕಿಗೆ ತಂದು ಬಿಟ್ಟ.

ಜಂಬುನಾಥ್ ಕುರ್ಚಿಯಿಂದ ಎದ್ದು ನಿಂತ. "ಇಳೀತೀವಿ ಅಂದಿದ್ರಲ್ರೀ! ಆ ಕಡಿ ಇಳಿದು ಹೋಗೀರಿ ಅಂತ ನಾನು..." ಫೋನು ಹಿಡಿದು ಮೇಲಿನವರಿಗೆ, ಬಂಡ್ರಿಯ ಮಂದಿಗೆ, ಆಂಬುಲೆನ್ಸಿನವರಿಗೆ ಮಾತಾಡಿದ. ಎಲ್ಲರೂ ಒಂದೇ ಮಾತು ಹೇಳಿದರು. ಮಳೆಯಲ್ಲಿ, ಕತ್ತಲಲ್ಲಿ, ಕರಡಿಯ ಕಾಡಿಗೆ ಮಂದಿಯನ್ನು ಹತ್ತಿಸಲಾಗದು. ಬೆಳಕು ಹರಿಯುತ್ತಲೇ ಹೊರಡುವುದು.

"ಟಾರ್ಚ್ ಕೊಡ್ರಿ, ನಾನೊಬ್ಬನ ಹೋಗ್ತೀನಿ" ಎಂದ ತಿಪ್ಪೇಶ.

"ನಿಮಗ ಬರೂ ದಾರಿನ ಸಿಕ್ಕಿಲ್ಲ, ಹೋಗೂ ದಾರಿ ಸಿಗತೈತೇನು?" ಎಂದ ಜಂಬುನಾಥ್. ಅದು ನಿಜವಾಗಿತ್ತು. ಆದರೂ ತಿಪ್ಪೇಶ ಬಾಗಿಲ ಕಡೆ ನುಗ್ಗಿದ. ಮಾರೆಪ್ಪ ಅವನ ರಟ್ಟೆ ಹಿಡಿದು ಕೂರಿಸಿದ. ಕಾವ್ಯಳ ಫೋನು ಬಂದಾಗ ತಿಪ್ಪೇಶ ಎತ್ತಲಿಲ್ಲ.

ಬೆಳಗಿನ ಜಾವ ಮಳೆ ನಿಂತಿತು. ಬಂಡ್ರಿಯ ಏಳೆಂಟು ಜನ, ಇಬ್ಬರು ಗಾರ್ಡುಗಳು, ಬಿದಿರಿನ ಡೋಲಿ. ಸರಿಯಾದ ದಾರಿಯಲ್ಲಿ ಹತ್ತಿದಾಗ ಅದು ಎಷ್ಟು ಹತ್ತಿರವೆಂದು ತಿಪ್ಪೇಶನಿಗೆ ತಿಳಿಯಿತು. ಆ ಹತ್ತಿರವನ್ನು ಅವನಿಂದ ತಾಳಿಕೊಳ್ಳಲಾಗಲಿಲ್ಲ. ಎಲ್ಲರಿಗಿಂತ ಮುಂದೆ ಓಡಿದ.

ಅವರನ್ನು ಕಾಣಲು ಕೆರೆಯವರೆಗೆ ಹೋಗಬೇಕಾಗಲಿಲ್ಲ. ಏರಿಗಿಂತ ಈಚೆ, ದಾರಿ ಕಾಡಿಗೆ ತಿರುಗುವ ಜಾಗವನ್ನೂ ದಾಟಿ, ಒಂದು ಸಣ್ಣ ಹಳ್ಳದಲ್ಲಿ ಶಂಭುಲಿಂಗಪ್ಪ ಬೋರಲು ಬಿದ್ದಿದ್ದರು. ಎರಡೂ ಕೈಗಳು ಮುಂದಕ್ಕೆ ಚಾಚಿದ್ದವು. ಉಗುರುಗಳಲ್ಲಿ ಕೆಮ್ಮಣ್ಣು. ಕಂಬಿ ಕಟ್ಟಿದ ಕಾಲು ಹಿಂದೆ ಎಳೆದುಕೊಂಡು ಬಂದ ಗೆರೆ, ಮಳೆಗೆ ಅಳಿಸಿಹೋಗದೆ, ಎಲೆಗಳ ನಡುವೆ ಏರಿಯವರೆಗೂ ಕಾಣುತ್ತಿತ್ತು. ಮೈ ತಣ್ಣಗಾಗಿ ಬಹಳ ಹೊತ್ತಾಗಿತ್ತು.

ಮುಂದೆ ಹೋಗಿ ನೋಡಿದರೆ ಮತ್ತಿ ಮರದ ಬುಡದಲ್ಲಿ ಚೀಲ ಹರಿದು ಚಲ್ಲಾಪಿಲ್ಲಿಯಾಗಿತ್ತು. ಬೆಲ್ಲ ಇರಲಿಲ್ಲ. ಕೆಸರಿನಲ್ಲಿ ಕರಡಿಯ ಹೆಜ್ಜೆ. ಜಂಬುನಾಥ್ ಕೂತು ಅವನ್ನು ನೋಡಿದ, ಆಮೇಲೆ ಹಳ್ಳಕ್ಕೆ ತಿರುಗಿ ಬಂದು ಹೆಣವನ್ನು ನೋಡಿದ.

"ಕರಡಿ ಅವರನ್ನ ಮುಟ್ಟಿಲ್ಲ."

"ಅದು ಬಂತು ಅಂತ ಇವರು ಅಲ್ಲಿಂದ ಬಂದ್ರಾ, ಇಲ್ಲಾ ಇವರು ಬಂದ ಮ್ಯಾಲ ಅದು ಬಂತಾ?" ಎಂದು ಕೇಳಿದ ತಿಪ್ಪೇಶ.

"ಯಾರು ಹೇಳಬೇಕ್ರಿ" ಎಂದ ಜಂಬುನಾಥ್.

ತಿಪ್ಪೇಶ ಹಳ್ಳದಲ್ಲಿ ಮಾವನ ಪಕ್ಕ ಕೂತು ಅವರ ಉಗುರಿನ ಮಣ್ಣನ್ನು ಕರ್ಚೀಫಿನಿಂದ ಒಂದೊಂದಾಗಿ ತೆಗೆದ. ಯಾರೂ ಅವನಿಗೆ ಅವಸರ ಮಾಡಲಿಲ್ಲ.

ಸಂಡೂರಿನ ಆಸ್ಪತ್ರೆಗೆ ಸಂಗಮ್ಮ, ಕಾವ್ಯ ಬಂದರು. ಸಂಗಮ್ಮ ಅಳಲಿಲ್ಲ, ಅಳಿಯನ ಮುಖವನ್ನೇ ನೋಡುತ್ತ ನಿಂತರು. "ಭಾಳ ಒದ್ದಾಡಿದ್ರೇನಪ?"

"ಇಲ್ರಿ ಅತ್ತಿ" ಎಂದ ತಿಪ್ಪೇಶ. "ನಾ ಮಲಗಿಸಿದಲ್ಲೇ ಇದ್ರು. ನಿದ್ದಿ ಹತ್ತಿದ್ಹಂಗ ಇದ್ರು."

ಮಾತು ತಾನಾಗಿಯೇ ಬಂದುಬಿಟ್ಟಿತು. ಕಾವ್ಯ ಅವನ ಕಿತ್ತುಹೋದ ಅಂಗೈಗಳನ್ನು ತನ್ನ ಕೈಯಲ್ಲಿ ಹಿಡಿದು ಅತ್ತಳು. ಅವಳು ಹಾಗೆ ಹಿಡಿದುಕೊಂಡಾಗ ನಿಜ ಹೇಳುವ ಧೈರ್ಯ ಪೂರ್ತಿ ಹೋಯಿತು.

ಕಂಪ್ಲಿಯ ಹೊಲದಲ್ಲಿ ಮಣ್ಣು ಮಾಡಿದರು. ಗಿರಣಿಯವರು, ಅಂಗಡಿಯವರು, ಹಳೆಯ ಗುಡ್ಡದ ಗೆಳೆಯರು ಎಲ್ಲ ಬಂದರು. ಗೆಳೆಯರು ತಿಪ್ಪೇಶನ ಭುಜ ತಟ್ಟಿ, ನೀವು ಜೋಡಿ ಇದ್ದದ್ದು ಅವರ ಪುಣ್ಯ ಎಂದು ಹೋದರು. ಅವನು ತಲೆಯಾಡಿಸಿದ.

ಶಿವಗಣಾರಾಧನೆಯ ದಿನ ಮಧ್ಯಾಹ್ನ, ಊಟ ಮುಗಿಯುವ ಹೊತ್ತಿಗೆ, ಜಂಬುನಾಥ್ ಬಂದ. ಕರೆಯದಿದ್ದರೂ ಬಂದಿದ್ದ. ಸಮವಸ್ತ್ರವಿಲ್ಲದೆ, ಬಿಳಿ ಅಂಗಿಯಲ್ಲಿ, ಕೈ ಕಟ್ಟಿಕೊಂಡು ಪಡಸಾಲೆಯ ಅಂಚಿನಲ್ಲಿ ಕೂತ. ಕಾವ್ಯ ನೀರು ತಂದು ಕೊಟ್ಟಳು.

"ಗಟ್ಟಿ ಜೀವ ತಾಯಿ ನಿಮ್ಮಪ್ಪಾಜೀದು" ಎಂದ ಅವನು, ಸಮಾಧಾನ ಹೇಳುವ ದನಿಯಲ್ಲಿ. "ಅಂಥಾ ಕಾಲಿಟ್ಕೊಂಡು ಏರಿ ದಾಟಿ ಅಷ್ಟು ದೂರ ತೆವಳಿ ಬಂದಾರಂದ್ರ ಸಣ್ಣ ಮಾತಲ್ಲ."

ಕಾವ್ಯ ಖಾಲಿ ಲೋಟ ಇಸಿದುಕೊಂಡು ಒಳಗೆ ಹೋದಳು. ಜಂಬುನಾಥ್ ಹೋದ ಮೇಲೆ, ಪಾತ್ರೆಗಳ ಸದ್ದು ಕಡಿಮೆಯಾದ ಮೇಲೆ, ಗಂಡನನ್ನು ಹಿತ್ತಲಿಗೆ ಕರೆದಳು. ಸಂಗಮ್ಮ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು.

"ಸುಳ್ಳು ಯಾಕ ಹೇಳಿದ್ರಿ?"

ತಿಪ್ಪೇಶ ಎಲ್ಲವನ್ನೂ ಹೇಳಿದ. ಕವಲು ದಾರಿ ತಪ್ಪಿದ್ದು, ಹಳ್ಳ, ಉಗುರಿನ ಮಣ್ಣು. ಅಷ್ಟಕ್ಕೆ ನಿಲ್ಲಿಸಬಹುದಾಗಿತ್ತು. ಆ ಕೂಗಿನ ವಿಷಯ ಅವನಿಗೊಬ್ಬನಿಗೇ ಗೊತ್ತಿದ್ದದ್ದು. ಆದರೆ ಒಂದು ಸುಳ್ಳನ್ನು ಇಷ್ಟು ದಿನ ಹೊತ್ತು ಅವನ ಮೈ ಸೋತಿತ್ತು. ಅದನ್ನೂ ಹೇಳಿದ.

"ಒಂದು ಸಲ ತಿರುಗಿ ನೋಡಿದ್ರ ಏನಾಗ್ತಿತ್ರಿ?" ಕಾವ್ಯಳ ದನಿ ಏರಲಿಲ್ಲ.

"ತಿರುಗಿದ್ರ ಬಿಟ್ಟು ಬರಾಕ ಆಗ್ತಿದ್ದಿಲ್ಲ. ಡಾಕ್ಟರೂ ಹೇಳಿದ್ರು, ತೊಡಿ ಎಲುಬು ಮುರಿದು ಒಳಗ ರಕ್ತ ಹೋಗಿತ್ತು, ಅಲ್ಲಿದ್ದರೂ..."

"ಬದುಕಿಸೂದು ನಾ ಕೇಳಾಕ್ಹತ್ತಿಲ್ಲ. ಅಪ್ಪಾಜಿ ಒಬ್ಬರ ಸತ್ರು. ನೀವು ಅಲ್ಲಿ ಇದ್ದೂ ಒಬ್ಬರ ಸತ್ರು."

ಸಂಗಮ್ಮ ಅಷ್ಟು ಹೊತ್ತು ನೆಲ ನೋಡುತ್ತಿದ್ದವರು ತಲೆಯೆತ್ತಿದರು.

"ಹೆಸರು ಹಿಡಿದು ಕರೆದ್ರೇನಪ?"

"ಹೂಂ ಅತ್ತಿ."

"ಬರೇ ಹೆಸರು? ಅಳಿಯಂದ್ರ ಅನ್ನಲಿಲ್ಲ?"

"ಇಲ್ರಿ."

"ಹಂಗಾದ್ರ ಅಂಜಿದ್ರು" ಎಂದರು ಸಂಗಮ್ಮ. ತಮಗೇ ಹೇಳಿಕೊಳ್ಳುವ ಹಾಗೆ ಮತ್ತೆ ಹೇಳಿದರು. "ಅವರು ಅಂಜಿದ್ದು ನಾ ಒಂದು ದಿನ ನೋಡ್ಲಿಲ್ಲ ನೋಡು." ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು. ಗಂಡ ಸತ್ತ ಮೇಲೆ ಅವರು ಅತ್ತಿದ್ದು ಆಗಲೇ.

ಕಾವ್ಯ ಹೊಸಪೇಟೆಗೆ ಹಿಂತಿರುಗಲಿಲ್ಲ. ಹೆರಿಗೆ ಇಲ್ಲೇ ಆಗಲಿ ಎಂದಳು, ಅದು ಹೇಗೂ ರೂಢಿಯೇ, ಯಾರೂ ಪ್ರಶ್ನೆ ಕೇಳಲಿಲ್ಲ. ತಿಪ್ಪೇಶ ಭಾನುವಾರಗಳಂದು ಹಣ್ಣು ಹಿಡಿದು ಕಂಪ್ಲಿಗೆ ಬರುತ್ತಿದ್ದ. ಮಾತ್ರೆ, ಸ್ಕ್ಯಾನಿಂಗ್, ಬಿಪಿ, ಬೇಕಾದಷ್ಟೇ ಮಾತು. ಒಮ್ಮೊಮ್ಮೆ ಅವನು ಹೊರಡುವಾಗ ಅವಳು ಬಾಗಿಲವರೆಗೆ ಬರುತ್ತಿದ್ದಳು, ಒಮ್ಮೊಮ್ಮೆ ಬರುತ್ತಿರಲಿಲ್ಲ. ಗಿರಣಿ ನಡೆಯುತ್ತಲೇ ಇತ್ತು. ಅದರ ಸದ್ದಿನಲ್ಲಿ ಮಾತಿಲ್ಲದ ಹೊತ್ತು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ಮೇಲೆ ಕಾವ್ಯ ತಾನಾಗಿ ಫೋನು ಮಾಡಿ, ಕರೆದುಕೊಂಡು ಹೋಗಲು ಬರ್ರಿ ಎಂದಳು. ತಿಪ್ಪೇಶ ಅಂಗಡಿಯನ್ನು ಹಾಗೇ ಬಿಟ್ಟು ಹೊರಟ.

ಹೊಸಪೇಟೆಗೆ ಬಂದ ಮರುದಿನವೇ ಪಕ್ಕದ ಮನೆಯ ನೀಲಗಂಗಮ್ಮ ಕೂಸು ನೋಡಲು ಬಂದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅಜ್ಜನ ಮೂಗು ಬಂದೈತಿ ಎಂದು ಹೊಗಳಿ, ಆಮೇಲೆ ದನಿ ತಗ್ಗಿಸಿದಳು. "ಅಪ್ಪಾಜೀಗೆ ಏನಾಗಿತ್ತವಾ? ಊರಾಗ ಒಬ್ಬೊಬ್ರು ಒಂದೊಂದು ಅಂತಾರ."

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ತಿಪ್ಪೇಶ ಹಾಗೇ ನಿಂತ.

"ಗುಡ್ಡದಾಗ ಬಿದ್ದು ಕಾಲು ಮುರೀತ್ರಿ" ಎಂದಳು ಕಾವ್ಯ. "ನಮ್ಮನಿಯವ್ರು ಜೋಡಿ ಇದ್ರು."

ಅವಳು ಹಾಗೆಂದಾಗ ಅವನ ಕಡೆ ನೋಡಿದಳು. ಅದು ಕ್ಷಮೆಯೋ, ಕಡೆಯವರೆಗೂ ಇರುವ ಆಪಾದನೆಯೋ ಅವನಿಗೆ ಅರ್ಥವಾಗಲಿಲ್ಲ. ಕೇಳುವುದು ಸಾಧ್ಯವಿರಲಿಲ್ಲ. ನೀಲಗಂಗಮ್ಮ ಅಯ್ಯೋ ಎಂದು ಅವನತ್ತ ಕನಿಕರದಿಂದ ನೋಡಿದಳು. ಅವನು ಅಂಗಡಿಗೆ ಹೊತ್ತಾಯಿತೆಂದು ಹೇಳಿ ಮೆಟ್ಟಿಲಿಳಿದ.